ಮಂಗಳವಿಲ್ಲದ ಬಯಲಾಟ

೧

ಪಾಂಡವರು ತಮ್ಮ ಅಜ್ಞಾತವಾಸದ ಒಂದು ವರ್ಷವನ್ನು ಕಳೆದುದು ನಮ್ಮ ಹಾನಗಲ್ಲಿನಲ್ಲಿಯೇ ಎಂಬುದು ಈ ಭಾಗದ ಜನರ ಪರಂಪರಾಗತವಾದ ನಂಬುಗೆ. ಶಾಸನಗಳಲ್ಲಿ ಪಾನುಂಗಲ್ಲು ಎಂದು ಕರೆಯಿಸಿಕೊಂಡ ಈ ಊರಿಗೆ ವಿರಾಟನಕೋಟೆ, ವಿರಾಟನಗರಿ ಎಂಬ ಹೆಸರುಗಳೂ ಉಂಟು. ಈ ನಂಬುಗೆಯು ಇತಿಹಾಸವೋ ಅಲ್ಲವೋ ಎಂಬ ಚರ್ಚೆ ಇಲ್ಲಿ ಬೇಕಿಲ್ಲ. ನಮಗೆ ಬೇಕಾದುದು ಆ ಕಥೆಯೊಳಗಿನ ಒಂದು ನಿಯಮ. ಧರ್ಮರಾಯನು ಕಂಕನಾದನು, ಭೀಮನು ವಲಲನಾದನು, ಅರ್ಜುನನು ಬೃಹನ್ನಳೆಯಾದನು, ದ್ರೌಪದಿಯು ಸೈರಂಧ್ರಿಯಾದಳು. ಆದರೆ ವೇಷವನ್ನು ತೊಡುವ ಮೊದಲೇ ಅದನ್ನು ಕಳಚುವ ದಿನವು ನಿಶ್ಚಯವಾಗಿತ್ತು. ಆಯುಧಗಳನ್ನು ಶಮೀವೃಕ್ಷದ ಮೇಲೆ ಇರಿಸಿ ಹೋದವರಿಗೆ, ತಮ್ಮ ನಿಜರೂಪವು ಅಲ್ಲಿ ಕಾದುಕೊಂಡಿದೆ ಎಂಬ ಎಚ್ಚರವು ವರ್ಷವಿಡೀ ಇದ್ದಿತು.

ಇಂದು ಅದೇ ಹಾನಗಲ್ಲಿನಲ್ಲಿ, ನೆರೆಯ ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಲ್ಲಿ, ಮಕ್ಕಳ ತಂದೆಯರಾದ, ನಾಲ್ವರಲ್ಲಿ ಮಾನವಂತರೆನಿಸಿದ ಗೃಹಸ್ಥರು ರಾತ್ರಿಯ ಊಟ ತೀರಿದ ಮೇಲೆ ಬೇರೊಂದು ವೇಷವನ್ನು ತೊಡುತ್ತಿದ್ದಾರೆ. ಆ ವೇಷಕ್ಕೆ ಬಣ್ಣ ಬೇಡ, ಕಿರೀಟ ಬೇಡ, ಭುಜಕೀರ್ತಿ ಬೇಡ. ಅಂಗೈಯಗಲದ ಮೊಬೈಲು ಸಾಕು. ಕಳಚುವ ದಿನವೊಂದು ಮಾತ್ರ ಅದಕ್ಕೆ ಗೊತ್ತಾಗಿಲ್ಲ.

ಕಳೆದ ಜಾತ್ರೆಯಲ್ಲಿ ಶ್ರೀಮಠದ ಪ್ರಸಾದ ನಿಲಯದ ಹಳೆಯ ವಿದ್ಯಾರ್ಥಿಗಳೆಲ್ಲ ಕೂಡಿದ್ದೆವು. ಪುರಾಣ ಮಂಗಲದ ರಾತ್ರಿ, ಸರಿಯಾಗಿ ಒಂಬತ್ತು ಗಂಟೆಗೆ, ಸವಣೂರಿನಿಂದ ಬಂದಿದ್ದ ಗೆಳೆಯರೊಬ್ಬರು ಸಭೆಯಿಂದ ಎದ್ದುಹೋದರು. ಬಹಳ ಹೊತ್ತಾದರೂ ಬರಲಿಲ್ಲವೆಂದು ಹುಡುಕುತ್ತ ಹೋದ ನನಗೆ, ಅವರು ದಾಸೋಹದ ಮನೆಯ ಹಿಂಬದಿಯಲ್ಲಿ ಕಟ್ಟಿಗೆಯ ರಾಶಿಯ ಮರೆಗೆ ಕುಳಿತಿದ್ದುದು ಕಂಡಿತು. ಮುಖದ ಮೇಲೆ ಮೊಬೈಲಿನ ನೀಲಿ ಬೆಳಕು. “ಹತ್ತ ನಿಮಿಷ ತಡೀರಿ. ನಮ್ಮವರೆಲ್ಲಾ ಕೋಟಿ ಒಳಗ ಹೊಕ್ಕಾರ. ನಾ ಈಗ ಬಿಟ್ಟು ಬಂದ್ರ ಅಷ್ಟೂ ಮಂದಿ ಸಾಯ್ತಾರ” ಎಂದರು. ಅವರಿಗೆ ಐವತ್ತು ದಾಟಿದೆ. ಎಲೆಬಳ್ಳಿಯ ತೋಟದ ಒಡೆಯರು. ಅವರ ಮಾತಿಗೆ ಜೊತೆಯಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಅದೇ ಮಾತನ್ನು ನಾನೂ ಒಂದು ಕಾಲದಲ್ಲಿ ಆಡಿದ್ದೆನು.

೨

ಈ ಆಟಗಳನ್ನು ಕಾಣದ ಓದುಗರಿಗಾಗಿ ನಾಲ್ಕು ಮಾತು ಹೇಳಬೇಕು. ಇದು ಇಸ್ಪೀಟಿನಂತೆ ಹಣವನ್ನು ಪಣವಿಡುವ ಆಟವಲ್ಲ. ಚಕ್ಕಡಿಯಂತೆ ಗಾಲಿ ತಿರುಗಿಸುವ ಮಕ್ಕಳ ಆಟವೂ ಅಲ್ಲ. ಒಂದು ಕಲ್ಪಿತ ಲೋಕವಿದೆ. ಅದರಲ್ಲಿ ಊರು, ಅಡವಿ, ಕೋಟೆ, ಸಂತೆಗಳಿವೆ. ಆಡುವವನು ಅಲ್ಲಿ ಒಂದು ಪಾತ್ರವನ್ನು ಆರಿಸಿಕೊಂಡು, ಅದಕ್ಕೆ ಹೆಸರಿಟ್ಟು, ಯೋಧನೋ ಮಾಂತ್ರಿಕನೋ ವೈದ್ಯನೋ ಆಗಿ ಬದುಕತೊಡಗುತ್ತಾನೆ. ಅದೇ ಲೋಕದಲ್ಲಿ ಅದೇ ಹೊತ್ತಿಗೆ ಸಾವಿರಾರು ಜನರು ತಮ್ಮ ತಮ್ಮ ಪಾತ್ರಗಳೊಡನೆ ಸಂಚರಿಸುತ್ತಿರುತ್ತಾರೆ. ಅವರಲ್ಲಿ ಇಪ್ಪತ್ತು ಮೂವತ್ತು ಜನರು ಕೂಡಿ ಬಳಗ ಕಟ್ಟುತ್ತಾರೆ. ಅದಕ್ಕೆ ಗಿಲ್ಡ್ ಎಂದು ಹೆಸರು. ಬಳಗವು ಗೊತ್ತಾದ ವೇಳೆಗೆ ಕೂಡಿ ರಾಕ್ಷಸನನ್ನೋ ವೈರಿಯ ಕೋಟೆಯನ್ನೋ ಮುತ್ತುತ್ತದೆ. ಗೆದ್ದಂತೆ ಪಾತ್ರದ ಅಂತಸ್ತು ಏರುತ್ತದೆ, ಆಯುಧ ಕವಚಗಳು ದೊರೆಯುತ್ತವೆ.

ಇದರ ವಂಶಾವಳಿಯು ತೀರ ಹೊಸದಲ್ಲ. ೧೯೭೪ರಲ್ಲಿ ಅಮೆರಿಕೆಯ ಗ್ಯಾರಿ ಗೈಗ್ಯಾಕ್ಸ್ ಹಾಗೂ ಡೇವ್ ಆರ್ನೆಸನ್ ಎಂಬವರು, ಮೇಜಿನ ಸುತ್ತ ಕುಳಿತು ಮಾತಿನಿಂದಲೂ ದಾಳಗಳಿಂದಲೂ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರಧಾರಣೆಯ ಆಟವನ್ನು ಪ್ರಕಟಿಸಿದರು. ೧೯೭೮ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ರಾಯ್ ಟ್ರಬ್‌ಶಾ, ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳು ಗಣಕಯಂತ್ರದಲ್ಲಿ ಅನೇಕರು ಏಕಕಾಲಕ್ಕೆ ಆಡಬಹುದಾದ ‘ಮಡ್’ ಎಂಬ ಲೋಕವನ್ನು ಕಟ್ಟಿದರು. ಅದರಲ್ಲಿ ಚಿತ್ರವಿರಲಿಲ್ಲ, ಬರಿಯ ಅಕ್ಷರಗಳೇ ಇದ್ದವು. ೧೯೯೭ರಲ್ಲಿ ‘ಅಲ್ಟಿಮಾ ಆನ್‌ಲೈನ್’, ೧೯೯೮ರಲ್ಲಿ ಕೊರಿಯಾದ ‘ಲೀನೇಜ್’, ೨೦೦೪ರ ನವೆಂಬರಿನಲ್ಲಿ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಬಂದವು. ಈ ಕೊನೆಯದಕ್ಕೆ ೨೦೧೦ರ ಅಕ್ಟೋಬರ್ ಹೊತ್ತಿಗೆ ೧ ಕೋಟಿ ೨೦ ಲಕ್ಷ ಚಂದಾದಾರರಿದ್ದರು. ತಿಂಗಳು ತಿಂಗಳು ಹಣ ತೆತ್ತು ಅಷ್ಟು ಜನರು ಒಂದು ಕಲ್ಪಿತ ಲೋಕದಲ್ಲಿ ಬಾಳುವುದೆಂದರೆ ಅದು ಉಪೇಕ್ಷಿಸತಕ್ಕ ಸಂಗತಿಯಲ್ಲ.

ನಮ್ಮ ಸೀಮೆಗೆ ಇದು ಕಂಪ್ಯೂಟರಿನ ಮೂಲಕ ಬರಲಿಲ್ಲ. ೨೦೧೬ರ ಸೆಪ್ಟೆಂಬರಿನ ನಂತರ ಮೊಬೈಲಿನ ಅಂತರಜಾಲವು ಅಗ್ಗವಾದಾಗ, ಪಟ್ಟಣದ ಯುವಕನ ಕೈಯಲ್ಲಿದ್ದುದು ಹಳ್ಳಿಯ ಗೃಹಸ್ಥನ ಜೇಬಿಗೂ ಬಂದಿತು. ೨೦೨೦ ಮತ್ತು ೨೦೨೧ರ ಲಾಕ್‌ಡೌನುಗಳಲ್ಲಿ ಜಾತ್ರೆ, ಪುರಾಣ, ಸಂತೆಗಳೆಲ್ಲ ನಿಂತವು. ತೆರವಾದ ಆ ಸ್ಥಳದಲ್ಲಿ ಈ ಆಟವು ಬಂದು ಕುಳಿತಿತು.

೩

ನಾನು ಪ್ರೌಢಶಾಲೆಯ ಕನ್ನಡ ಶಿಕ್ಷಕನಾಗಿದ್ದು ನಿವೃತ್ತನಾದವನು. ೨೦೨೧ರ ಮೇ ತಿಂಗಳಲ್ಲಿ, ಹೊರಗೆ ಹೋಗುವಂತಿಲ್ಲದ ದಿನಗಳಲ್ಲಿ, ತಂಗಿಯ ಮಗನು ನನ್ನ ಮೊಬೈಲಿನಲ್ಲಿ ಇಂತಹದೊಂದು ಆಟವನ್ನು ಹಾಕಿಕೊಟ್ಟನು. ಆಟದ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಅದು ಜಾಹೀರಾತಾದೀತು. “ಬ್ಯಾಸರ ಕಳೀತೈತಿ ಮಾಮಾ, ದಿನಾ ಅರ್ಧ ತಾಸು ಆಡು” ಎಂದನು. ನಾನು ವೈದ್ಯನ ಪಾತ್ರವನ್ನು ಆರಿಸಿಕೊಂಡೆನು. ಕೊಲ್ಲುವುದು ನನಗೆ ಒಗ್ಗದು. ಗಾಯಗೊಂಡವರನ್ನು ಗುಣಪಡಿಸುವುದರಲ್ಲಿ ತಪ್ಪೇನು ಎಂದು ಎಣಿಸಿದೆನು.

ಒಂದು ತಿಂಗಳಲ್ಲಿ ನಾನೊಂದು ಬಳಗದ ವೈದ್ಯನಾಗಿದ್ದೆನು. ಅದರಲ್ಲಿ ಗುಜರಾತಿನ ಒಬ್ಬ ಬಟ್ಟೆಯ ವ್ಯಾಪಾರಿ, ಕೊಯಮತ್ತೂರಿನ ಒಬ್ಬ ಗೃಹಿಣಿ, ಶಿಗ್ಗಾವಿಯವರೇ ಆದ ಒಬ್ಬ ಕಿರಾಣಿ ಅಂಗಡಿಯವರು ಇದ್ದರು. ವೈದ್ಯನಿಲ್ಲದೆ ದಂಡು ಹೊರಡುವಂತಿಲ್ಲ ಎಂಬುದು ಆ ಆಟದ ನಿಯಮ. ಸಂಜೆಯಾದೊಡನೆ ಸಂದೇಶಗಳು ಬರುತ್ತಿದ್ದವು: ಸರ್, ನೀವು ಬಂದರೆ ಮಾತ್ರ ನಾವು ಹೋಗುತ್ತೇವೆ. ಮೂವತ್ತಾರು ವರ್ಷ ತರಗತಿಯಲ್ಲಿ ನಿಂತು, ಒಂದು ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದವನಿಗೆ, ‘ನೀವಿಲ್ಲದೆ ಆಗದು’ ಎಂಬ ಮಾತು ಎಂತಹ ಅಮೃತವೆಂಬುದನ್ನು ನಿವೃತ್ತರಾದವರು ಬಲ್ಲರು. ಅರ್ಧ ತಾಸು ನಾಲ್ಕು ತಾಸಾಯಿತು, ಆರು ತಾಸಾಯಿತು. ನನ್ನ ಪಾತ್ರಕ್ಕೆ ಒಳ್ಳೆಯ ದಂಡ, ಒಳ್ಳೆಯ ಕವಚಗಳನ್ನು ಕೊಳ್ಳಲು ಪಿಂಚಣಿಯ ಹಣದಲ್ಲಿ ೧೧,೦೦೦ ರೂಪಾಯಿ ವೆಚ್ಚವಾದುದನ್ನು ಮನೆಯವರಿಗೆ ಹೇಳಲಿಲ್ಲ.

ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆತರುವುದು ನಮ್ಮ ಕಡೆಯ ಪದ್ಧತಿ. ಹಿರೇಕೆರೂರಿಗೆ ಕೊಟ್ಟ ನನ್ನ ಅಕ್ಕನಿಗೆ ಎಪ್ಪತ್ತು ದಾಟಿದ್ದರೂ ಪ್ರತಿ ವರ್ಷ ನಾನೇ ಹೋಗಿ ಕರೆತರುವ ವಾಡಿಕೆ. ಆ ವರ್ಷ ಹೋಗಲಿಲ್ಲ. ಬಸ್ಸಿನಲ್ಲಿ ಬಾ ಎಂದು ಹೇಳಿದೆನು. ಅವಳು ತಾನೇ ಚೀಲ ಹೊತ್ತು ಬಂದಳು. ಎಂಟು ದಿನ ಇರಬೇಕಾದವಳು ನಾಲ್ಕನೆಯ ದಿನ ಮುಂಜಾನೆ ಸೀರೆಗಳನ್ನು ಮಡಿಸಿ ಇಟ್ಟಳು. ಏಕೆ ಅವಸರ ಎಂದು ಕೇಳಿದಾಗಲೂ ನನ್ನ ಕಣ್ಣು ಮೊಬೈಲಿನಲ್ಲಿಯೇ ಇದ್ದಿತಂತೆ. “ತಮ್ಮಾ, ನೀ ಮನ್ಯಾಗ ಇಲ್ಲ ಬಿಡು. ನೀ ಮನಿಗೆ ಬಂದಾಗ ಹೇಳಿ ಕಳಸು, ನಾ ಆವಾಗ ಬರ್ತೀನಿ” ಎಂದಳು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನಾನೂ ಎದುರು ಮಾತಾಡಿ ಹಗುರಾಗುತ್ತಿದ್ದೆನು.

ಆ ದಿನವೇ ಬಿಟ್ಟೆನೆಂದು ಬರೆದರೆ ಸುಳ್ಳಾಗುತ್ತದೆ. ಇನ್ನೂ ಎರಡು ತಿಂಗಳು ಆಡಿದೆನು.

೪

ಇಷ್ಟು ಹೇಳಿದ ಮೇಲೆ ಕೃತಿವಿಮರ್ಶೆಗೆ ಬರೋಣ. ಈ ಆಟವನ್ನು ಒಂದು ಕೃತಿಯೆಂದು, ಒಂದು ದೃಶ್ಯಪ್ರಕಾರವೆಂದು ಒಪ್ಪಿಕೊಂಡೇ ಅದರ ಗುಣದೋಷಗಳನ್ನು ಅಳೆಯಬೇಕು. ‘ಹಾಳು ಮೊಬೈಲು’ ಎಂದು ಬೈದು ಮುಗಿಸುವುದು ವಿಮರ್ಶೆಯಲ್ಲ.

ಗುಣಗಳು ಇಲ್ಲದಿಲ್ಲ. ಚಿತ್ರಣವು ಮನೋಹರವಾದುದು, ಕೆಲವು ಅಡವಿಗಳ ಬೆಳಗು ಬೈಗುಗಳನ್ನು ಕಂಡು ನಾನು ಆಟವನ್ನೇ ಮರೆತು ನಿಂತುದುಂಟು. ಜಾತಿ, ಅಂತಸ್ತು, ರೂಪಗಳನ್ನು ಕೇಳದೆ ಜನರು ಕೂಡುತ್ತಾರೆ. ಸಭೆಯಲ್ಲಿ ಬಾಯಿ ಬಿಡದ ಸಂಕೋಚದ ಮನುಷ್ಯನು ಅಲ್ಲಿ ದಂಡನ್ನು ನಡೆಸುತ್ತಾನೆ. ಒಬ್ಬರು ಇನ್ನೊಬ್ಬರಿಗಾಗಿ ಕಾಯುವುದು, ಸೋತವನಿಗೆ ಧೈರ್ಯ ಹೇಳುವುದು, ಗಳಿಸಿದುದನ್ನು ಹಂಚಿಕೊಳ್ಳುವುದು ಇವೆಲ್ಲ ಅಲ್ಲಿ ಇವೆ. ಮೇಲೆ ಹೇಳಿದ ಬಾರ್ಟಲ್ ಅವರೇ ೧೯೯೬ರ ಲೇಖನವೊಂದರಲ್ಲಿ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ: ಅಂತಸ್ತನ್ನು ಸಾಧಿಸುವವರು, ಲೋಕವನ್ನು ಶೋಧಿಸುವವರು, ಸಂಗವನ್ನು ಬಯಸುವವರು, ಪರರನ್ನು ಪೀಡಿಸುವವರು. ನಾನು ಕಂಡ ನಮ್ಮ ಸೀಮೆಯ ನಡುವಯಸ್ಸಿನವರಲ್ಲಿ ಹೆಚ್ಚಿನವರು ಮೂರನೆಯ ಬಗೆಯವರು. ಅವರು ಹುಡುಕಿದುದು ಯುದ್ಧವನ್ನಲ್ಲ, ಬಳಗವನ್ನು.

ದೋಷವೆಲ್ಲಿದೆ? ಅದನ್ನು ಕಾಣಲು ನಮ್ಮ ದೊಡ್ಡಾಟವನ್ನು ಪಕ್ಕದಲ್ಲಿ ಇರಿಸಿ ನೋಡಬೇಕು. ಏಕೆಂದರೆ ಪಾತ್ರಧಾರಣೆಯು ನಮಗೆ ಹೊಸದಲ್ಲ. ಒಕ್ಕಲಿಗನು ಒಂದು ರಾತ್ರಿಯ ಮಟ್ಟಿಗೆ ದುರ್ಯೋಧನನಾಗುವುದನ್ನು ಈ ನಾಲ್ಕೂ ತಾಲೂಕುಗಳ ಹಳ್ಳಿಗಳು ತಲೆಮಾರುಗಳಿಂದ ಕಂಡಿವೆ. ವೇಷವು ರಂಗಕ್ಕೆ ಬಂದೊಡನೆ ಸಾರಥಿಯು ಎದುರು ನಿಂತು, ತಾವು ಯಾರು, ಯಾವ ದೇಶದವರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಪಾತ್ರವು ತನ್ನನ್ನು ತಾನು ಹೇಳಿಕೊಂಡ ಮೇಲೆಯೇ ಕಥೆ ಮುಂದುವರಿಯುತ್ತದೆ. ಎದುರಿಗೆ ಊರ ಜನರೆಲ್ಲ ಕುಳಿತಿರುತ್ತಾರೆ. ವೇಷದ ಹಿಂದಿರುವ ಮನುಷ್ಯನು ಯಾರ ಮಗನೆಂಬುದು ಅವರಿಗೆ ಗೊತ್ತು. ಬೆಳಗಾಗುತ್ತಲೇ ಮಂಗಳ ಹಾಡುತ್ತಾರೆ. ಎಣ್ಣೆ ಹಚ್ಚಿ ಬಣ್ಣವನ್ನು ಒರಸುತ್ತಾರೆ. ಮಧ್ಯಾಹ್ನದ ಹೊತ್ತಿಗೆ ದುರ್ಯೋಧನನು ಹೊಲದಲ್ಲಿರುತ್ತಾನೆ.

ಆಟದ ಸತ್ವವು ಅದರ ಮೇರೆಯಲ್ಲಿದೆ ಎಂಬುದನ್ನು ಹಾಲೆಂಡಿನ ಇತಿಹಾಸಕಾರ ಯೋಹಾನ್ ಹೈಜಿಂಗನು ೧೯೩೮ರಲ್ಲಿ ಪ್ರಕಟಿಸಿದ ‘ಹೋಮೋ ಲ್ಯೂಡೆನ್ಸ್’ ಗ್ರಂಥದಲ್ಲಿ ವಿವರಿಸಿದ್ದಾನೆ. ಆಟವು ನಿತ್ಯದ ಬಾಳಿನಿಂದ ಬೇರ್ಪಟ್ಟದ್ದು, ಸ್ಥಳಕಾಲಗಳ ಎಲ್ಲೆಯುಳ್ಳದ್ದು ಎಂದು ಅವನ ಮತ. ಈ ಲಕ್ಷಣದಿಂದ ಅಳೆದರೆ ಅಂತರಜಾಲದ ಈ ಪ್ರಕಾರವು ಆಟದ ಪ್ರಥಮ ಲಕ್ಷಣವನ್ನೇ ಕಳೆದುಕೊಂಡಿದೆ. ಅಲ್ಲಿ ಸಾರಥಿಯಿಲ್ಲ, ನೀನು ಯಾರೆಂದು ಯಾರೂ ಕೇಳುವುದಿಲ್ಲ. ಊರ ಜನರಿಲ್ಲ, ಮನೆಯವರ ಪಾಲಿಗೆ ಆಡುವವನು ಮೂಲೆಯಲ್ಲಿ ತಲೆ ಬಾಗಿಸಿ ಕುಳಿತ ಮನುಷ್ಯ ಮಾತ್ರ. ಕಥೆಗೆ ಕೊನೆಯಿಲ್ಲ, ಒಬ್ಬ ರಾಕ್ಷಸನು ಸತ್ತರೆ ಮುಂದಿನ ತಿಂಗಳು ಅವನಿಗಿಂತ ದೊಡ್ಡವನನ್ನು ತಯಾರಿಸಿ ಬಿಡುತ್ತಾರೆ. ಆಡುವವನು ಮಲಗಿದಾಗಲೂ ಆ ಲೋಕವು ನಡೆಯುತ್ತಲೇ ಇರುತ್ತದೆ; ಎದ್ದೊಡನೆ ತಾನು ಹಿಂದೆ ಬಿದ್ದೆನೆಂಬ ಕಳವಳವು ಹುಟ್ಟುತ್ತದೆ. ಮಂಗಳವನ್ನು ಹಾಡಿದರೆ ವ್ಯಾಪಾರ ನಿಲ್ಲುತ್ತದೆ. ಆದುದರಿಂದ ಮಂಗಳವನ್ನು ರಚಿಸಿಯೇ ಇಲ್ಲ. ಇದು ಕೃತಿಯ ಆಕಸ್ಮಿಕ ನ್ಯೂನತೆಯಲ್ಲ, ಉದ್ದೇಶಪೂರ್ವಕವಾದ ರಚನೆ.

ನಾಟಕಕ್ಕೂ ಹಣ ಬೇಕಲ್ಲವೇ ಎಂದು ಕೆಲವರು ಕೇಳಬಹುದು. ಬೇಕು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಪಂಚಾಕ್ಷರಿ ಗವಾಯಿಗಳವರ ಪರಂಪರೆಯಲ್ಲಿ, ಗದುಗಿನ ವೀರೇಶ್ವರ ಪುಣ್ಯಾಶ್ರಮವು ಅಂಧ ಅನಾಥ ಮಕ್ಕಳ ಅನ್ನ ವಿದ್ಯೆಗಳಿಗಾಗಿ ನಾಟಕ ಸಂಘವನ್ನೇ ಕಟ್ಟಿ ಊರೂರು ತಿರುಗಿದುದು ನಮ್ಮ ಕಣ್ಣ ಮುಂದಿನ ಇತಿಹಾಸ. ಟಿಕೀಟು ಕೊಂಡವನು ಆಟ ಮುಗಿದ ಮೇಲೆ ಮನೆಗೆ ಹೋಗಲಿ ಎಂಬುದೇ ಆ ಸಂಘದ ಅಪೇಕ್ಷೆಯಾಗಿತ್ತು. ಪ್ರೇಕ್ಷಕನು ಮನೆಗೆ ಹೋಗದಿರಲಿ ಎಂಬುದು ಈ ಹೊಸ ಕಂಪನಿಗಳ ಅಪೇಕ್ಷೆ. ಎರಡಕ್ಕೂ ಇರುವ ಅಂತರವು ಇಲ್ಲಿಯೇ.

೫

ಸಾಮಾನ್ಯವಾಗಿ ನಾವು ತಿಳಿದಿರುವುದೇನೆಂದರೆ, ಚಟಕ್ಕೆ ಬೀಳುವವನು ಸೋಮಾರಿ, ದುರ್ಬಲ, ಬೇಜವಾಬ್ದಾರಿಯವನು ಎಂದು. ಸೆರೆಗೂ ಇಸ್ಪೀಟಿಗೂ ಈ ಮಾತು ಎಷ್ಟು ನಿಜವೋ ತಿಳಿಯದು. ಈ ಆಟಕ್ಕಂತೂ ಸಲ್ಲುವುದಿಲ್ಲ. ಇದು ಮನುಷ್ಯನನ್ನು ಹಿಡಿಯುವುದು ಅವನ ದುರ್ಗುಣಗಳಿಂದಲ್ಲ, ಸದ್ಗುಣಗಳಿಂದ. ನಾನು ಹೇಳಬೇಕೆಂದಿರುವ ಮುಖ್ಯ ವಿಷಯವು ಇದೇ.

ದಿನಂಪ್ರತಿ ಮಾಡಲೇಬೇಕಾದ ಸಣ್ಣ ಸಣ್ಣ ಕೆಲಸಗಳನ್ನು ಆಟವು ಒಪ್ಪಿಸುತ್ತದೆ. ಒಂದು ದಿನ ತಪ್ಪಿದರೆ ಕೂಡಿಟ್ಟ ಫಲವು ಮುರಿಯುತ್ತದೆ. ನಿತ್ಯನೇಮವನ್ನು ತಪ್ಪಿಸದ ಮನುಷ್ಯನು ಇಲ್ಲಿ ಸುಲಭವಾಗಿ ಸಿಕ್ಕಿಬೀಳುತ್ತಾನೆ. ಗೊತ್ತಾದ ವೇಳೆಗೆ ಬಾರದಿದ್ದರೆ ಇಪ್ಪತ್ತು ಜನರಿಗೆ ನಷ್ಟವಾಗುತ್ತದೆ. ಮಾತಿಗೆ ತಪ್ಪದವನು ಇಲ್ಲಿ ಸಿಕ್ಕಿಬೀಳುತ್ತಾನೆ. ಮೊದಲ ಹತ್ತು ಮೆಟ್ಟಿಲುಗಳು ಒಂದೇ ದಿನದಲ್ಲಿ ಏರುತ್ತವೆ. ಆಮೇಲಿನ ಒಂದು ಮೆಟ್ಟಿಲಿಗೆ ಒಂದು ವಾರ ಬೇಕಾಗುತ್ತದೆ. ಹಿಡಿದ ಕೆಲಸವನ್ನು ನಡುವೆ ಬಿಡದವನು ಇಲ್ಲಿ ಸಿಕ್ಕಿಬೀಳುತ್ತಾನೆ.

ಇದರ ಜೊತೆಗೆ ದಾಳದ ತತ್ವವೂ ಗುಪ್ತವಾಗಿ ಸೇರಿದೆ. ರಾಕ್ಷಸನನ್ನು ಕೊಂದಾಗ ಬಹುಮಾನವು ಪ್ರತಿಸಲವೂ ಬರುವುದಿಲ್ಲ. ಯಾವಾಗ ಬರುವುದೆಂದು ಹೇಳಲೂ ಆಗದು. ಅಮೆರಿಕೆಯ ಮನೋವಿಜ್ಞಾನಿ ಸ್ಕಿನ್ನರರು ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳು ಪ್ರಸಿದ್ಧವಾದವು. ಕುಕ್ಕಿದಾಗಲೆಲ್ಲ ಕಾಳು ಸಿಗುವ ಹಕ್ಕಿಗಿಂತ, ಎಷ್ಟು ಸಲ ಕುಕ್ಕಿದರೆ ಕಾಳು ಬೀಳುವುದೆಂದು ತಿಳಿಯದ ಹಕ್ಕಿಯು ಬಿಡದೆ ಕುಕ್ಕುತ್ತದೆ. ಕಾಳು ನಿಂತ ಮೇಲೂ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ.

ರಚನಕಾರರ ಜಾಣತನಕ್ಕೆ ಒಂದು ನಿದರ್ಶನ ಸಾಕು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟವನ್ನು ಪರೀಕ್ಷೆಗೆ ಬಿಟ್ಟ ಕಾಲದಲ್ಲಿ, ಬಹಳ ಹೊತ್ತು ಆಡಿದವರಿಗೆ ದೊರೆಯುವ ಅನುಭವದ ಅಂಕಗಳನ್ನು ಅರ್ಧಕ್ಕೆ ಇಳಿಸುವ ನಿಯಮವಿತ್ತು. ಜನರು ಅದನ್ನು ದಂಡವೆಂದು ದ್ವೇಷಿಸಿದರು. ಆಗ ಲೆಕ್ಕವನ್ನು ಹಾಗೆಯೇ ಇಟ್ಟುಕೊಂಡು ಹೆಸರನ್ನು ಬದಲಿಸಿದರು: ಅರ್ಧವೆಂದು ಕರೆದುದನ್ನು ಪೂರ್ಣವೆಂದೂ, ಪೂರ್ಣವೆಂದು ಕರೆದುದನ್ನು ‘ವಿಶ್ರಾಂತಿ ಪಡೆದವರಿಗೆ ಇಮ್ಮಡಿ’ ಎಂದೂ ಕರೆದರು. ಜನರು ಸಂತೋಷಪಟ್ಟರು. ಅಳತೆಯು ಅದೇ, ಮಾತು ಬೇರೆ. ಮನುಷ್ಯನ ಮನಸ್ಸನ್ನು ಇಷ್ಟು ಬಲ್ಲವರ ಎದುರಿಗೆ ಅರ್ಧ ತಾಸಿನ ಸಂಕಲ್ಪವು ಎಷ್ಟರ ಮಟ್ಟಿಗೆ ನಿಂತೀತು?

ನನ್ನ ಸವಣೂರಿನ ಗೆಳೆಯರ ತೋಟವನ್ನು ನಾನು ಬಲ್ಲೆನು. ಎಲೆಬಳ್ಳಿಯು ದಿನವೂ ಒಡೆಯನ ಕಣ್ಣನ್ನು ಬೇಡುವ ಬೆಳೆ. ನೀರು ಹೆಚ್ಚಾದರೆ ಕೊಳೆಯುತ್ತದೆ, ಕಡಿಮೆಯಾದರೆ ಬಾಡುತ್ತದೆ. ಬಳ್ಳಿಯನ್ನು ಇಳಿಸಿ ಕಟ್ಟುವ ಕಾಲ ತಪ್ಪಿದರೆ ವರ್ಷವೇ ಕೆಡುತ್ತದೆ. ಇಪ್ಪತ್ತೈದು ವರ್ಷ ಹೀಗೆ ದುಡಿದವರು ಅವರು. ಅಂತಹ ಶಿಸ್ತು ಇದ್ದುದರಿಂದಲೇ ಅವರು ಬಳಗಕ್ಕೆ ಒಂದು ರಾತ್ರಿಯೂ ತಪ್ಪಲಿಲ್ಲ. ತೋಟಕ್ಕೆ ತಪ್ಪಿತು. ಶಿಗ್ಗಾವಿಯ ಅಂಗಡಿಯವರ ಕಥೆಯೂ ಇದೇ: ಗಿರಾಕಿಯು ಸಕ್ಕರೆ ಕೇಳುತ್ತ ನಿಂತಿರುವಾಗ, ಎಂದೂ ಕಾಣದ ಗೆಳೆಯನಿಗೆ ಕೊಟ್ಟ ಮಾತನ್ನು ಅವರು ಉಳಿಸಿಕೊಳ್ಳುತ್ತಿದ್ದರು. ಕಾಯಕನಿಷ್ಠೆ ಇಲ್ಲದವರಲ್ಲ ಇವರು. ಆ ನಿಷ್ಠೆಯು ಕಾಯಕವಲ್ಲದ ಕಡೆಗೆ ಹರಿಯುವಂತೆ ಯಾರೋ ಕಾಲುವೆಯನ್ನು ತಿರುಗಿಸಿದ್ದಾರೆ.

೬

ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ‘ನಳಚರಿತ್ರೆ’ಯನ್ನು ಬರೆದರು. ಭಾಮಿನೀ ಷಟ್ಪದಿಯ ಈ ಕಾವ್ಯವನ್ನು ನಮ್ಮ ತಲೆಮಾರಿನವರು ಶಾಲೆಯಲ್ಲಿ ಓದಿ ಬಲ್ಲರು. ಪುಷ್ಕರನೊಡನೆ ಜೂಜಾಡಿ ರಾಜ್ಯವನ್ನು ಕಳೆದುಕೊಂಡ ನಳನು ದುಷ್ಟನಾಗಿರಲಿಲ್ಲ. ದೇವತೆಗಳೇ ಮೆಚ್ಚಿದ ಗುಣವಂತನಾಗಿದ್ದನು. ಕಥೆಯ ಮೂಲವಾದ ವ್ಯಾಸಭಾರತದ ವನಪರ್ವದಲ್ಲಿ ಒಂದು ಸೂಕ್ಷ್ಮವಿದೆ. ಕಲಿಯು ಅವನೊಳಗೆ ಹೊಗಲು ಒಂದು ತಪ್ಪಿಗಾಗಿ ಹನ್ನೆರಡು ವರ್ಷ ಕಾದಿದ್ದನು. ಕಡೆಗೆ ಸಿಕ್ಕ ತಪ್ಪು ಯಾವುದು? ಒಂದು ಸಂಜೆ ಕಾಲು ತೊಳೆಯದೆ ಸಂಧ್ಯೆಗೆ ಕುಳಿತುದು. ಅಷ್ಟು ಕಿರಿದಾದ ಬಾಗಿಲು ಸಾಕಾಯಿತು. ‘ದಿನಕ್ಕೆ ಅರ್ಧ ತಾಸು’ ಎಂಬುದು ಅಂತಹುದೇ ಬಾಗಿಲು.

ಕಲಿಯು ಅವನನ್ನು ಬಿಟ್ಟುದು ಯಾವಾಗ ಎಂಬುದು ಇನ್ನೂ ವಿಚಾರಣೀಯವಾದುದು. ಜೂಜನ್ನು ಯಾರೋ ನಿಷೇಧಿಸಿದಾಗ ಅಲ್ಲ. ಯಾರೋ ಬೈದಾಗ ಅಲ್ಲ. ಬಾಹುಕನ ವೇಷದಲ್ಲಿ ಸಾರಥಿಯಾಗಿದ್ದ ನಳನಿಗೆ ಋತುಪರ್ಣ ರಾಜನು ಅಕ್ಷಹೃದಯವನ್ನು, ಎಂದರೆ ದಾಳಗಳ ಒಳಗುಟ್ಟನ್ನು, ಉಪದೇಶಿಸಿದನು. ಅದನ್ನು ಅರಿತ ಕ್ಷಣವೇ ಕಲಿಯು ಅವನ ಮೈಯಿಂದ ಹೊರಬಿದ್ದನು. ಈ ಕಥೆಯನ್ನು ಕಾಡಿನಲ್ಲಿ ಧರ್ಮರಾಯನಿಗೆ ಹೇಳಿದ ಬೃಹದಶ್ವ ಮುನಿಯು ಅದೇ ವಿದ್ಯೆಯನ್ನು ಅವನಿಗೂ ಕೊಟ್ಟನು. ಅದನ್ನು ಹೊತ್ತುಕೊಂಡೇ ಧರ್ಮರಾಯನು ಕಂಕನಾಗಿ ವಿರಾಟನ ಆಸ್ಥಾನಕ್ಕೆ ಬಂದನು. ಒಮ್ಮೆ ದಾಳಕ್ಕೆ ಸೋತು ಹೆಂಡತಿಯನ್ನೂ ಕಳೆದವನು, ಅದೇ ದಾಳವನ್ನು ಕೈಯಲ್ಲಿ ಹಿಡಿದು ಒಂದು ವರ್ಷ ಕುಳಿತರೂ ಅದರ ದಾಸನಾಗಲಿಲ್ಲ. ವಿರಾಟನು ಸಿಟ್ಟಿನಲ್ಲಿ ಆ ದಾಳವನ್ನೇ ಮುಖಕ್ಕೆ ಎಸೆದು ರಕ್ತ ಬರಿಸಿದಾಗಲೂ ಅವನು ತನ್ನ ಅವಧಿಯನ್ನು ಮರೆಯಲಿಲ್ಲ.

ವಿಮರ್ಶೆಯ ಪ್ರಯೋಜನವು ಇದೇ ಎಂದು ನನ್ನ ಅಭಿಪ್ರಾಯ. ಆಟದ ಹೃದಯವನ್ನು ಬಿಚ್ಚಿ ತೋರಿಸಬೇಕು. ನನ್ನನ್ನು ಬಿಡಿಸಿದುದೂ ಅಂತಹ ಒಂದು ಅರಿವೇ. ಅಕ್ಟೋಬರಿನಲ್ಲಿ ಜ್ವರ ಬಂದು ಎಂಟು ದಿನ ಮಲಗಿದೆನು. ನಾನಿಲ್ಲದೆ ದಂಡು ನಿಂತೀತೆಂದು ಜ್ವರದಲ್ಲಿಯೂ ಕಳವಳಪಟ್ಟೆನು. ಒಂಬತ್ತನೆಯ ದಿನ ತೆರೆದು ನೋಡಿದರೆ ಬಳಗದಲ್ಲ್ಲಿ ಬೇರೊಬ್ಬ ವೈದ್ಯನಿದ್ದನು. ಯಾರಲ್ಲಿಯೂ ದುರುದ್ದೇಶವಿರಲಿಲ್ಲ, ಸರ್, ಹೇಗಿದ್ದೀರಿ ಎಂದು ಇಬ್ಬರು ಕೇಳಿಯೂ ಇದ್ದರು. ಆದರೆ ‘ನೀವಿಲ್ಲದೆ ಆಗದು’ ಎಂಬುದನ್ನು ಹೇಳಿದುದು ಆ ಜನರಲ್ಲ, ಆ ಆಟದ ನಿಯಮ ಎಂಬುದು ಆಗ ತಿಳಿಯಿತು. ಬೇಕಾಗಿದ್ದುದು ಒಬ್ಬ ವೈದ್ಯನು, ನಾನಲ್ಲ. ನಾನೇ ಬೇಕೆಂದು ಚೀಲ ಹೊತ್ತು ಬಂದವಳನ್ನು ನಾನು ನಾಲ್ಕನೆಯ ದಿನಕ್ಕೆ ಬಸ್ಸು ಹತ್ತಿಸಿದ್ದೆನು.

೭

ಇದಕ್ಕೆ ಉಪಾಯವೇನು? ಸರಕಾರಗಳು ಮಾಡಿದ ಕಟ್ಟಳೆಗಳು ಬಹುಮಟ್ಟಿಗೆ ಮಕ್ಕಳನ್ನು ಕುರಿತವು. ಕೊರಿಯಾ ದೇಶವು ೨೦೧೧ರಲ್ಲಿ ೧೬ ವರ್ಷದೊಳಗಿನವರಿಗೆ ನಡುರಾತ್ರಿಯಿಂದ ಬೆಳಗಿನ ೬ರವರೆಗೆ ಆಟವನ್ನು ತಡೆಯಿತು. ಹತ್ತು ವರ್ಷಗಳ ಬಳಿಕ ಆ ನಿಯಮವನ್ನು ರದ್ದುಗೊಳಿಸಲು ನಿರ್ಣಯಿಸಿತು. ಚೀನವು ೨೦೨೧ರಲ್ಲಿ ೧೮ರೊಳಗಿನವರಿಗೆ ವಾರಾಂತ್ಯ ಮತ್ತು ರಜೆಯ ದಿನಗಳಲ್ಲಿ ಒಂದೊಂದು ತಾಸನ್ನಷ್ಟೇ ಕೊಟ್ಟಿತು. ನಮ್ಮ ಸಂಸತ್ತು ೨೦೨೫ರ ಆಗಸ್ಟಿನಲ್ಲಿ ಅಂಗೀಕರಿಸಿದ ಶಾಸನವು ಹಣವನ್ನು ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಪಣವಿಲ್ಲದ ಆಟಗಳು ಆ ನಿಷೇಧಕ್ಕೆ ಸೇರುವುದಿಲ್ಲ. ಪ್ರಾಪ್ತ ವಯಸ್ಕನು ತನ್ನ ರಾತ್ರಿಯನ್ನು ಪಣವಿಟ್ಟರೆ ಯಾವ ಕಾನೂನೂ ಅವನನ್ನು ಕೇಳುವಂತಿಲ್ಲ. ಕೇಳಬೇಕೆಂದು ನಾನೂ ಹೇಳುವುದಿಲ್ಲ.

ವೈದ್ಯಶಾಸ್ತ್ರವು ಇನ್ನೂ ವಿವೇಕದಿಂದ ಮಾತಾಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಹನ್ನೊಂದನೆಯ ವರ್ಗೀಕರಣವು ೨೦೨೨ರ ಜನವರಿ ೧ರಿಂದ ಜಾರಿಗೆ ಬಂದಿದ್ದು, ಅದರಲ್ಲಿ ಆಟದ ವ್ಯಸನವು ಒಂದು ರೋಗವಾಗಿ ಸೇರಿದೆ. ಆಡುವುದರ ಮೇಲೆ ಹತೋಟಿ ತಪ್ಪುವುದು, ಉಳಿದ ಎಲ್ಲಕ್ಕಿಂತ ಆಟವೇ ಮೇಲಾಗುವುದು, ಹಾನಿಯಾದರೂ ಬಿಡದಿರುವುದು ಎಂಬ ಮೂರು ಲಕ್ಷಣಗಳು ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಕಾಣಬೇಕು. ಆಡಿದವರೆಲ್ಲರೂ ರೋಗಿಗಳಲ್ಲ ಎಂಬುದು ಇದರಿಂದ ಸ್ಪಷ್ಟ. ನಿಜವಾಗಿ ಹತೋಟಿ ತಪ್ಪಿದವರಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೪ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆದಿದೆ. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ.

ಆದರೆ ರೋಗಿಗಳಲ್ಲದ, ಆದರೂ ಮನೆಯಲ್ಲಿ ‘ಇಲ್ಲದ’ ನನ್ನಂತಹವರು ಎಷ್ಟೋ ಜನರಿದ್ದಾರೆ. ಅವರ ವಿಷಯದಲ್ಲಿ ದೋಷದ ಒಂದು ಪಾಲು ನಮ್ಮದೂ ಹೌದು ಎಂದು ಒಪ್ಪಿಕೊಳ್ಳಬೇಕು. ನಡುವಯಸ್ಸಿನ ಗಂಡಸು ಸಂಜೆಯ ಹೊತ್ತು ಹೋಗಿ ನಾಲ್ವರೊಡನೆ ಕೂಡುವ ಸ್ಥಳಗಳು ನಮ್ಮ ಊರುಗಳಲ್ಲಿ ಎಷ್ಟು ಉಳಿದಿವೆ? ಗರಡಿಮನೆಗಳ ಬಾಗಿಲು ಮುಚ್ಚಿತು. ಭಜನೆಗೆ ನಾಲ್ಕು ಮುದುಕರು ಬರುತ್ತಾರೆ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ೨೦೧೧ರಲ್ಲಿ ಜಾನಪದ ವಿಶ್ವವಿದ್ಯಾಲಯವೇ ಸ್ಥಾಪನೆಯಾಯಿತು; ಅದು ಸಂತೋಷದ ಸಂಗತಿ. ಆದರೆ ದೊಡ್ಡಾಟವು ಅಭ್ಯಾಸದ ವಿಷಯವಾದ ಕಾಲದಲ್ಲಿಯೇ ಊರ ಕಟ್ಟೆಯ ಮೇಲಿನ ತಾಲೀಮು ನಿಲ್ಲುತ್ತ ಬಂದಿತು. ಬಳಗ ಬೇಕೆಂಬ ಹಸಿವು ಮಾತ್ರ ನಿಲ್ಲಲಿಲ್ಲ. ಹಸಿದವನು ಸಿಕ್ಕ ಮನೆಯಲ್ಲಿ ಉಂಡರೆ ಅವನನ್ನು ಜರೆಯುವ ಮೊದಲು, ನಮ್ಮ ಮನೆಯ ಒಲೆ ಉರಿಯುತ್ತಿದೆಯೇ ಎಂದು ನೋಡಿಕೊಳ್ಳುವುದು ನ್ಯಾಯ.

ಆದುದರಿಂದ ನನ್ನದೊಂದು ಸೂಚನೆ. ಪ್ರಸಾದ ನಿಲಯದ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಜಾತ್ರೆಗೆ ಕೂಡಿ ಫೋಟೋ ತೆಗೆಸಿಕೊಂಡು ಚದರುವ ಬದಲು, ಮುಂದಿನ ಜಾತ್ರೆಗೆ ಒಂದು ದೊಡ್ಡಾಟವನ್ನು ನಾವೇ ಕಲಿತು ಆಡೋಣ. ನಾಲ್ಕು ತಾಲೂಕಿನವರೂ ಕೂಡಲಿ. ತಾಲೀಮಿಗೆ ಗೊತ್ತಾದ ವೇಳೆ ಇರಲಿ. ಒಬ್ಬನು ಬಾರದಿದ್ದರೆ ಉಳಿದವರಿಗೆ ನಷ್ಟವಾಗಲಿ. ‘ನೀವಿಲ್ಲದೆ ಆಗದು’ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳೋಣ, ಈ ಸಲ ಅದು ನಿಜವಾಗಿರಲಿ. ಸವಣೂರಿನ ಗೆಳೆಯರಿಗೆ ಇದನ್ನು ಹೇಳಿದಾಗ ಅವರು ತುಸು ಹೊತ್ತು ಸುಮ್ಮನಿದ್ದು, “ನಂಗ ಯಾವ ಪಾತ್ರ ಕೊಡ್ತೀರಿ?” ಎಂದು ಕೇಳಿದರು. ಒಂಬತ್ತು ಗಂಟೆಯ ಕೋಟೆ ಕಾಳಗವನ್ನು ಅವರು ಇನ್ನೂ ಪೂರ್ತಿ ಬಿಟ್ಟಿಲ್ಲ. ವಾರಕ್ಕೆ ಎರಡು ರಾತ್ರಿ ತಾಲೀಮಿಗೆ ಬಂದರೆ ಸಾಕೆಂದು ಒಪ್ಪಿಸಿದ್ದೇನೆ.

೨೦೨೨ರ ಪಂಚಮಿಗೆ ನಾನೇ ಹಿರೇಕೆರೂರಿಗೆ ಹೋದೆನು. ಅಕ್ಕನು ಪಡಸಾಲೆಯಲ್ಲಿ ಕುಳಿತಿದ್ದಳು. ನನ್ನ ಮುಖವನ್ನು ಒಮ್ಮೆ, ಬರಿಗೈಯನ್ನು ಒಮ್ಮೆ ನೋಡಿದಳು. “ಬಂದೇನೋ ತಮ್ಮಾ?” ಎಂದಳು. ಬಂದೆನೆಂದು ಹೇಳಿ ಅವಳ ಚೀಲವನ್ನು ಎತ್ತಿಕೊಂಡೆನು.